ಏಪ್ರಿಲ್ 20ಕ್ಕೆ ಹೊರಟರೆ ಟ್ಯೂಲಿಪ್ ಸಿಗುತ್ತಾ?

ಪ್ರಶ್ನೆ: ನಾವು ಮಂಡ್ಯದವರು. ನಾನು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ಯಜಮಾನರು ಜಮೀನು ನೋಡಿಕೊಳ್ಳುತ್ತಾರೆ. ಮಗ ಈ ಸಲ ಎಸ್‌ಎಸ್‌ಎಲ್‌ಸಿ, ಮಗಳು ಆರನೇ ಕ್ಲಾಸು. ಅತ್ತೆಗೆ 67 ವರ್ಷ, ಬಿಪಿ ಇದೆ, ಮಂಡಿ ನೋವೂ ಇದೆ. ಕಾಶ್ಮೀರದ ಟ್ಯೂಲಿಪ್ ತೋಟ ನೋಡಲೇಬೇಕು ಅಂತ ಮಗಳು ಹಠ ಹಿಡಿದಿದ್ದಾಳೆ. ಮೈಸೂರಿನ ಏಜೆಂಟ್ ಒಬ್ಬರು ಏಪ್ರಿಲ್ 20ರಿಂದ 26ರವರೆಗೆ ಪ್ಯಾಕೇಜ್ ಹೇಳಿದ್ದಾರೆ. ಶ್ರೀನಗರ, ಗುಲ್ಮಾರ್ಗ್, ಪಹಲ್ಗಾಮ್, ಸೋನಾಮಾರ್ಗ್, ಕೊನೆಗೆ ವೈಷ್ಣೋದೇವಿ. ತಿಂಗಳ ಕೊನೆಯವರೆಗೂ ಹೂವು ಗ್ಯಾರಂಟಿ, ಮುಂಗಡ ಮಾತ್ರ ವಾಪಸ್ ಇಲ್ಲ ಅಂತಾರೆ. ಅಷ್ಟು ಎತ್ತರದಲ್ಲಿ ಅತ್ತೆಗೆ ಉಸಿರು ಕಟ್ಟುತ್ತೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಪಹಲ್ಗಾಮ್‌ನಲ್ಲಿ ಅಷ್ಟೆಲ್ಲ ಆದ ಮೇಲೂ ಹೋಗ್ತೀರಾ ಅಂತ ನಮ್ಮಣ್ಣ ಬೈಯುತ್ತಾರೆ. ಇನ್ನೊಂದಿಷ್ಟು ದುಡ್ಡು ಹಾಕಿ ಹಾಲೆಂಡ್‌ಗೇ ಹೋಗಿ ಅಂತ ಯಜಮಾನರ ಸ್ನೇಹಿತರ ಸಲಹೆ. ಮಗಳಿಗೆ ಗೆಡ್ಡೆ ತಂದು ಮನೆಯಲ್ಲಿ ಬೆಳೆಸುವ ಆಸೆ ಬೇರೆ. ಏನು ಮಾಡೋಣ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಚಿಂತೆಗಳಿವೆ. ಅದರಲ್ಲಿ ಮೊದಲು ಬಗೆಹರಿಸಬೇಕಾದದ್ದು ತಾರೀಖು. ಅದೊಂದು ಸರಿಹೋದರೆ ಉಳಿದದ್ದರಲ್ಲಿ ಅರ್ಧ ತಾನಾಗಿ ಸರಿಹೋಗುತ್ತದೆ. ಮೈಸೂರಿನಲ್ಲಿ ಕುಟುಂಬಗಳಿಗೆ ಪ್ರವಾಸದ ಯೋಜನೆ ಮಾಡಿಕೊಡುವುದು ನನ್ನ ಕೆಲಸ. ಟ್ಯೂಲಿಪ್ ನೋಡಲು ಹೋಗಿ ಬೇಜಾರಿನಲ್ಲಿ ಬಂದವರು ಬಹುತೇಕ ಒಂದೇ ಕಾರಣ ಹೇಳುತ್ತಾರೆ: ನಮ್ಮ ರಜೆ ಶುರುವಾಗುವ ಹೊತ್ತಿಗೆ ಅಲ್ಲಿ ಹೂವು ಮುಗಿದಿತ್ತು. ಅದಕ್ಕೇ ಮೊದಲೇ ನೇರವಾಗಿ ಹೇಳುತ್ತೇನೆ. ಹೂವಿಗಾಗಿಯೇ ಹೋಗುವುದಾದರೆ ಏಪ್ರಿಲ್ 20 ಬೇಡ.

ಕಾರಣ ಹೇಳುತ್ತೇನೆ. ಶ್ರೀನಗರದ ಇಂದಿರಾ ಗಾಂಧಿ ಸ್ಮಾರಕ ಟ್ಯೂಲಿಪ್ ಉದ್ಯಾನ ವರ್ಷವಿಡೀ ತೆರೆದಿರುವ ತೋಟವಲ್ಲ. ಜಬರ್ವಾನ್ ಬೆಟ್ಟದ ಬುಡದಲ್ಲಿ, ದಾಲ್ ಸರೋವರದ ಕಡೆ ಮುಖ ಮಾಡಿರುವ ಇಳಿಜಾರಿನಲ್ಲಿ ಸುಮಾರು 30 ಹೆಕ್ಟೇರ್ ಜಾಗ ಅದು. 2007ರಲ್ಲಿ ಜನರಿಗೆ ತೆರೆದರು. ಹದಿನೈದು ಲಕ್ಷಕ್ಕೂ ಜಾಸ್ತಿ ಗೆಡ್ಡೆ ನೆಡುತ್ತಾರೆ. ಚಳಿಗಾಲಕ್ಕೆ ಮುಂಚೆ ನೆಟ್ಟ ಗೆಡ್ಡೆ ಮಣ್ಣಿನೊಳಗೆ ಚಳಿ ತಿಂದು, ಮಾರ್ಚ್ ಬಿಸಿಲಿಗೆ ಮೇಲೆ ಬರುತ್ತದೆ. ತೋಟ 2023ರಲ್ಲಿ ಮಾರ್ಚ್ 19ಕ್ಕೆ ತೆರೆಯಿತು. 2024ರಲ್ಲಿ ಮಾರ್ಚ್ 23, 2025ರಲ್ಲಿ ಮಾರ್ಚ್ 26. ಮೂರು ವರ್ಷದಲ್ಲೇ ಒಂದು ವಾರದ ವ್ಯತ್ಯಾಸ ನೋಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಬಿಸಿ ಜಾಸ್ತಿಯಾದರೆ ಹೂವು ಬೇಗ ಬಂದು ಬೇಗ ಮುಗಿಯುತ್ತದೆ. ಚಳಿ ಎಳೆದರೆ ತಡವಾಗುತ್ತದೆ.

ಇಡೀ ತೋಟ ಒಂದೇ ದಿನ ಅರಳುವುದಿಲ್ಲ. ಬೇಗ ಬರುವ, ನಡುವೆ ಬರುವ, ತಡವಾಗಿ ಬರುವ ತಳಿಗಳನ್ನು ಬೇರೆ ಬೇರೆ ಪಾತಿಗಳಲ್ಲಿ ಹಾಕಿರುತ್ತಾರೆ. ಹಾಗೆ ಮಾಡಿಯೂ ಒಟ್ಟು ಹಂಗಾಮು ಹೆಚ್ಚುಕಡಿಮೆ ಒಂದು ತಿಂಗಳು. ನನ್ನ ಅನುಭವದಲ್ಲಿ ಮಾರ್ಚ್ ಕೊನೆಯ ದಿನಗಳಿಂದ ಏಪ್ರಿಲ್ 10ರ ಆಸುಪಾಸಿನವರೆಗೆ ಹೋದವರಿಗೆ ಮೋಸವಾಗುವುದು ಕಡಿಮೆ. ಏಪ್ರಿಲ್ 15ರ ಹೊತ್ತಿಗೆ ತಡವಾಗಿ ಬರುವ ತಳಿಗಳಷ್ಟೇ ಉಳಿದಿರುತ್ತವೆ. 20 ದಾಟಿದರೆ ಎಸಳು ಉದುರಿದ ದಂಟುಗಳ ಪಾತಿಗಳೇ ಜಾಸ್ತಿ. ಬಾಡಿದ ಹೂವಿನ ತಲೆಯನ್ನು ಮಾಲಿಗಳೇ ಮುರಿದು ಹಾಕುತ್ತಾರೆ. ಬಿಟ್ಟರೆ ಗಿಡ ಬೀಜ ಕಟ್ಟಲು ಶಕ್ತಿ ಖರ್ಚು ಮಾಡುತ್ತದೆ. ಮುರಿದರೆ ಆ ಶಕ್ತಿ ಗೆಡ್ಡೆಗೆ ಇಳಿಯುತ್ತದೆ. ತೋಟಗಾರನಿಗೆ ಅದು ಸರಿಯಾದ ಕೆಲಸ, ಮೂರು ಸಾವಿರ ಕಿಲೋಮೀಟರ್ ದೂರದಿಂದ ಹೋದ ಹುಡುಗಿಗೆ ಮಾತ್ರ ಅಳು ಬರುತ್ತದೆ. ತಿಂಗಳ ಕೊನೆಯವರೆಗೂ ಗ್ಯಾರಂಟಿ ಅಂತ ಯಾರೂ ಹೇಳಲು ಸಾಧ್ಯವಿಲ್ಲ. ಒಂದು ಜೋರು ಆಲಿಕಲ್ಲು ಮಳೆ ಬಿದ್ದರೆ ಏಪ್ರಿಲ್ ಮೊದಲ ವಾರದ್ದೂ ಗ್ಯಾರಂಟಿ ಇಲ್ಲ. ಶ್ರೀನಗರದಲ್ಲಿ ಮಾರ್ಚ್ ಮತ್ತು ಏಪ್ರಿಲ್ ವರ್ಷದಲ್ಲೇ ಹೆಚ್ಚು ಮಳೆ ಬೀಳುವ ತಿಂಗಳುಗಳು. ನಮ್ಮ ಕಡೆ ಅದು ಸುಡು ಬೇಸಿಗೆ ಆದ್ದರಿಂದ ಈ ಮಾತು ಯಾರ ತಲೆಗೂ ಹೋಗುವುದಿಲ್ಲ.

ಯುಗಾದಿ ಮುಗಿಸಿಕೊಂಡು ಹೋಗೋಣ ಅಂತ ಹೇಳುವವರೂ ಬಹಳ. ಯುಗಾದಿ ಚಾಂದ್ರಮಾನದ ಹಬ್ಬ. ಒಂದು ವರ್ಷ ಮಾರ್ಚ್ ಮೂರನೇ ವಾರಕ್ಕೆ ಬರುತ್ತದೆ, ಇನ್ನೊಂದು ವರ್ಷ ಏಪ್ರಿಲ್‌ಗೆ. ಹೂವಿಗೂ ಅದಕ್ಕೂ ಸಂಬಂಧವಿಲ್ಲ.

ಈಗ ನಿಮ್ಮ ಮನೆಯ ಲೆಕ್ಕ. ಎಸ್‌ಎಸ್‌ಎಲ್‌ಸಿ ಪರೀಕ್ಷೆ 2025ರಲ್ಲಿ ಏಪ್ರಿಲ್ 4ಕ್ಕೆ ಮುಗಿದಿತ್ತು. ಶಾಲೆಗಳ ಬೇಸಿಗೆ ರಜೆ ಏಪ್ರಿಲ್ 11ಕ್ಕೆ ಶುರುವಾಗಿತ್ತು. ಈ ಎರಡರ ನಡುವೆ ಒಂದು ವಾರ ಸಿಗುತ್ತದೆ. ಮಗನ ಕೊನೆ ಪೇಪರ್ ಮುಗಿದಿರುತ್ತದೆ. ಮಗಳ ಪರೀಕ್ಷೆಯೂ ಆಗಿ, ಫಲಿತಾಂಶ ಓದುವ ದಿನವೊಂದೇ ಬಾಕಿ ಇರುತ್ತದೆ. ಅವಳ ಟೀಚರ್ ಹತ್ತಿರ ಮೊದಲೇ ಮಾತಾಡಿದರೆ ಆ ದಿನ ತಪ್ಪಿದರೂ ತೊಂದರೆಯಾಗದು. ಈ ಸಲದ ವೇಳಾಪಟ್ಟಿ ನೋಡಿಕೊಂಡು, ಕೊನೆ ಪೇಪರಿನ ಮರುದಿನ ಬಿಟ್ಟು ಅದರ ಮಾರನೇ ದಿನ ಹೊರಡಿ. ಮರುದಿನವೇ ಯಾಕೆ ಬೇಡ ಅಂದರೆ, ಪರೀಕ್ಷೆ ಮುಗಿಸಿದ ಹುಡುಗ ಒಂದು ದಿನ ಸುಮ್ನೆ ನಿದ್ದೆ ಮಾಡಲಿ. ನಿಮಗೂ ಬಟ್ಟೆಬರೆ ಜೋಡಿಸಲು ಒಂದು ದಿನ ಬೇಕು ಅಲ್ವಾ?

ಆ ವಾರ ಸಾಧ್ಯವೇ ಇಲ್ಲ, ಏಪ್ರಿಲ್ 20ಕ್ಕೇ ಹೋಗಬೇಕು ಅಂತಾದರೆ ಪ್ರವಾಸ ರದ್ದು ಮಾಡಿ ಅಂತ ನಾನು ಹೇಳುವುದಿಲ್ಲ. ಮಗಳಿಗೆ ಮಾತ್ರ ಮೊದಲೇ ನಿಜ ಹೇಳಿ, ಪ್ರವಾಸದ ಗುರಿ ಬದಲಾಯಿಸಿಕೊಳ್ಳಿ. ಏಪ್ರಿಲ್ ಎರಡನೇ ಭಾಗದಲ್ಲಿ ಕಣಿವೆಯ ಸೇಬಿನ ತೋಟಗಳು ಹೂ ಬಿಡುತ್ತವೆ. ಬಿಳಿ ಹೂವಿಗೆ ಅಂಚಿನಲ್ಲಿ ಒಂದಿಷ್ಟು ಗುಲಾಬಿ ಬಣ್ಣ, ಎಲೆ ಇನ್ನೂ ಎಳೆಯದು. ಪ್ಯಾಕೇಜ್‌ನವರು ಅಲ್ಲಿಗೆ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ, ಅಲ್ಲಿ ಟಿಕೆಟ್ ಕೌಂಟರ್ ಇಲ್ಲ ನೋಡಿ. ಶೋಪಿಯಾನ್ ಕಡೆ ಹೋಗುವ ದಾರಿಯಲ್ಲಿ ಸ್ಥಳೀಯ ಡ್ರೈವರ್‌ಗೆ ಹೇಳಿದರೆ ತೋಟದವರನ್ನು ಕೇಳಿ ಒಳಗೆ ಬಿಡಿಸುತ್ತಾರೆ. ವ್ಯವಸಾಯ ಮಾಡುವ ನಿಮ್ಮ ಯಜಮಾನರಿಗೆ ಇದೇ ಹೆಚ್ಚು ಹಿಡಿಸಬಹುದು.

ಎತ್ತರದ ವಿಷಯಕ್ಕೆ ಬರೋಣ. ನಿಮ್ಮ ಪಕ್ಕದ ಮನೆಯವರ ಮಾತು ಶ್ರೀನಗರದ ಮಟ್ಟಿಗೆ ತಪ್ಪು. ಶ್ರೀನಗರ ಸಮುದ್ರ ಮಟ್ಟದಿಂದ ಸುಮಾರು 1,585 ಮೀಟರ್ ಎತ್ತರದಲ್ಲಿದೆ. ಊಟಿ ಸುಮಾರು 2,240 ಮೀಟರ್. ನಿಮ್ಮ ಅತ್ತೆಯವರು ಊಟಿಗೆ ಹೋಗಿ ಚೆನ್ನಾಗಿದ್ದು ಬಂದಿದ್ದರೆ, ಶ್ರೀನಗರದ ಎತ್ತರಕ್ಕೆ ಹೆದರಬೇಕಿಲ್ಲ. ಗುಲ್ಮಾರ್ಗ್ ಸುಮಾರು 2,650 ಮೀಟರ್, ಅಂದರೆ ನಮ್ಮ ದೊಡ್ಡಬೆಟ್ಟದಷ್ಟೇ. ಅಪಾಯ ಇರುವುದು ಅಲ್ಲಿಂದ ಮೇಲೆ. ಗುಲ್ಮಾರ್ಗ್‌ನ ಗೊಂಡೋಲ, ಅಂದರೆ ಬೆಟ್ಟ ಹತ್ತಿಸುವ ಕೇಬಲ್ ಕಾರ್, ಎರಡು ಹಂತದ್ದು. ಮೊದಲನೆಯದು 3,000 ಮೀಟರ್ ದಾಟುತ್ತದೆ. ಎರಡನೆಯದು 4,000 ಮೀಟರ್ ಹತ್ತಿರಕ್ಕೆ ಹೋಗುತ್ತದೆ, ಅದೂ ಕೆಲವೇ ನಿಮಿಷದಲ್ಲಿ. ಬಿಪಿ ಇರುವ 67 ವರ್ಷದವರು ಎರಡನೇ ಹಂತಕ್ಕೆ ಹೋಗಲೇಬಾರದು ಎನ್ನುವುದು ನನ್ನ ಸಲಹೆ. ಮೊದಲನೇ ಹಂತಕ್ಕೂ ನಿಮ್ಮ ಡಾಕ್ಟರನ್ನು ಕೇಳಿಯೇ ಹೋಗಿ. ಮಕ್ಕಳ ಜೊತೆ ಯಜಮಾನರು ಮೇಲೆ ಹೋಗಲಿ, ನೀವಿಬ್ಬರೂ ಕೆಳಗೆ ಬಿಸಿಲು ಕಾಯುತ್ತಾ ಕೂತುಕೊಳ್ಳಿ.

ಅತ್ತೆಯವರಿಗೆ ನಿಜವಾದ ಕಷ್ಟ ಮಂಡಿಯದ್ದು, ಅದನ್ನು ನಿಮ್ಮ ಏಜೆಂಟ್ ಕೇಳಿಯೇ ಇಲ್ಲ ಅನಿಸುತ್ತದೆ. ಟ್ಯೂಲಿಪ್ ತೋಟ ಹಂತ ಹಂತವಾಗಿ ಮೇಲೇರುವ ಇಳಿಜಾರು. ಅವರು ಮೇಲಿನ ಹಂತದವರೆಗೆ ಹತ್ತಬೇಕಾಗಿಲ್ಲ, ಕೆಳಗಿನ ಪಾತಿಗಳಲ್ಲೇ ಎಲ್ಲಾ ಬಣ್ಣ ಕಾಣುತ್ತದೆ. ಶಂಕರಾಚಾರ್ಯ ಬೆಟ್ಟದಲ್ಲಿ ಕಾರು ನಿಂತ ಮೇಲೂ 240ರಷ್ಟು ಮೆಟ್ಟಿಲು ಹತ್ತಬೇಕು. ಅವರಿಗೆ ದೇವರ ದರ್ಶನದ ಆಸೆ ಇರುತ್ತದೆ, ಹೋಗುವ ಮುಂಚೆಯೇ ಈ ಮಾತು ಹೇಳಿಬಿಡಿ. ಹೌಸ್‌ಬೋಟ್ ಇನ್ನೊಂದು. ಅಲುಗಾಡುವ ಶಿಕಾರಾ ಎಂಬ ಸಣ್ಣ ದೋಣಿಯಿಂದ ಬೋಟಿನ ಮೆಟ್ಟಿಲಿಗೆ ಕಾಲು ಎತ್ತಿ ಇಡುವಾಗ ಮಂಡಿ ನೋವಿನವರು ಒದ್ದಾಡುತ್ತಾರೆ. ಏಪ್ರಿಲ್ ಮೊದಲ ವಾರದಲ್ಲಿ ರಾತ್ರಿ ಏಳೆಂಟು ಡಿಗ್ರಿಗೆ ಇಳಿಯುತ್ತದೆ, ನೀರಿನ ಮೇಲೆ ಥಂಡಿ ಇನ್ನೂ ಜಾಸ್ತಿ. ಹೌಸ್‌ಬೋಟ್ ಬೇಕೇ ಬೇಕು ಅಂದರೆ ಒಂದೇ ರಾತ್ರಿ ಇಟ್ಟುಕೊಳ್ಳಿ. ಉಳಿದ ರಾತ್ರಿಗಳಿಗೆ ದಡದ ಮೇಲಿನ ಹೋಟೆಲ್, ನೆಲಮಹಡಿ ರೂಮು ಅಥವಾ ಲಿಫ್ಟ್ ಇರುವುದು. ಎಲೆಕ್ಟ್ರಿಕ್ ಕಂಬಳಿ ಇದೆಯಾ ಅಂತ ಕೇಳಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಗ್ಯಾಸ್ ಹೀಟರ್ ಅಥವಾ ಬುಖಾರಿ ಎಂಬ ಸೌದೆ ಒಲೆ ಹಚ್ಚಿಟ್ಟು ಬಾಗಿಲು ಕಿಟಕಿ ಮುಚ್ಚಿ ಮಲಗಬೇಡಿ. ಅದರ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ರೂಮು ಬಿಸಿ ಮಾಡಿಕೊಂಡು, ಆರಿಸಿ, ಆಮೇಲೆ ಮಲಗಿ.

ವೈಷ್ಣೋದೇವಿಯನ್ನು ಪಟ್ಟಿಯಿಂದ ತೆಗೆಸಿ. ಕಟ್ರಾದಿಂದ ಮೇಲಕ್ಕೆ 12 ಕಿಲೋಮೀಟರ್‌ಗೂ ಜಾಸ್ತಿ ದಾರಿ. ಕುದುರೆ, ಪಲ್ಲಕ್ಕಿ, ಹೆಲಿಕಾಪ್ಟರ್ ಎಲ್ಲ ಇದೆ ಅಂತ ಏಜೆಂಟ್ ಹೇಳಬಹುದು. ಐದು ದಿನದ ಓಡಾಟದ ಕೊನೆಯಲ್ಲಿ ಮಂಡಿ ನೋವಿನವರಿಗೆ ಅದು ಯಾತ್ರೆ ಆಗುವುದಿಲ್ಲ, ಶಿಕ್ಷೆ ಆಗುತ್ತದೆ. ಅದಕ್ಕೆ ಬೇರೆ ವರ್ಷ ಬೇರೆ ಪ್ರವಾಸ ಇಟ್ಟುಕೊಳ್ಳಿ.

ನಿಮ್ಮ ಅಣ್ಣನವರ ಮಾತನ್ನು ಭಯ ಅಂತ ತಳ್ಳಿಹಾಕಬೇಡಿ. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಹತ್ತಿರದ ಬೈಸರನ್ ಹುಲ್ಲುಗಾವಲಿನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಅವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು, ಹೆಂಡತಿ ಮಕ್ಕಳ ಜೊತೆ ರಜೆಗೆ ಹೋದವರು. ಏನೂ ಆಗಲ್ಲ ಹೋಗಿ ಬನ್ನಿ ಅಂತ ಹೇಳುವ ಹಕ್ಕು ನನಗಿಲ್ಲ, ನಿಮ್ಮ ಏಜೆಂಟ್‌ಗೂ ಇಲ್ಲ. ಆಮೇಲೆ ಕಣಿವೆಯ ಹಲವು ಜಾಗಗಳನ್ನು ಸರ್ಕಾರ ಮುಚ್ಚಿತು, ಹಂತ ಹಂತವಾಗಿ ಕೆಲವನ್ನು ತೆರೆಯಿತು. ಆ ವರ್ಷ ಮೇ ತಿಂಗಳಲ್ಲಿ ಶ್ರೀನಗರ ವಿಮಾನ ನಿಲ್ದಾಣವೂ ಕೆಲವು ದಿನ ಮುಚ್ಚಿತ್ತು. ಕೇಳಿದವರಿಗೆ ನಾನು ಹೇಳುವುದು ಇಷ್ಟು. ಶ್ರೀನಗರ ನಗರ, ಟ್ಯೂಲಿಪ್ ತೋಟ, ಮೊಘಲ್ ಉದ್ಯಾನಗಳು ಊರೊಳಗಿನ ಜಾಗಗಳು, ಕಾವಲು ಜಾಸ್ತಿ. ಕುದುರೆ ಮೇಲೆ ಅಥವಾ ನಡೆದೇ ತಲುಪಬೇಕಾದ ದೂರದ ಹುಲ್ಲುಗಾವಲುಗಳ ಮಾತು ಬೇರೆ. ಮೊದಲ ಸಲ ಹೋಗುವ ಕುಟುಂಬ ಶ್ರೀನಗರವನ್ನೇ ಮನೆ ಮಾಡಿಕೊಂಡು, ಹಗಲಲ್ಲಿ ಹೋಗಿ ಕತ್ತಲಾಗುವ ಮುಂಚೆ ವಾಪಸ್ ಬರುವ ಜಾಗಗಳನ್ನಷ್ಟೇ ಇಟ್ಟುಕೊಂಡರೆ ಸಾಕು. ಹೊರಡುವ ವಾರ ಯಾವ ಜಾಗ ತೆರೆದಿದೆ ಅಂತ ಅಲ್ಲಿನ ಹೋಟೆಲಿಗೆ ಫೋನ್ ಮಾಡಿ ಕೇಳಿ. ವಿಮಾನ, ಹೋಟೆಲ್ ಎರಡನ್ನೂ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ದರದಲ್ಲೇ ಬುಕ್ ಮಾಡಿ, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಪ್ರವಾಸ ವಿಮೆ ತೆಗೆದುಕೊಂಡರೆ ಭಯೋತ್ಪಾದನೆ, ಯುದ್ಧದ ಕಾರಣಕ್ಕೆ ರದ್ದಾದರೆ ಏನು ಅಂತ ಬರೆದಿರುವ ಜಾಗವನ್ನು ಓದಿ. ಎಷ್ಟೋ ಪಾಲಿಸಿಗಳಲ್ಲಿ ಅದು ಸೇರಿರುವುದಿಲ್ಲ. ಇಷ್ಟಾದ ಮೇಲೂ ಮನೆಯ ಹಿರಿಯರಿಗೆ ಮನಸ್ಸು ಒಪ್ಪದಿದ್ದರೆ ಬಲವಂತ ಮಾಡಬೇಡಿ. ಭಯ ಇಟ್ಟುಕೊಂಡು ಹೋದವರು ದಿನವಿಡೀ ಫೋನಿನಲ್ಲಿ ಸುದ್ದಿ ನೋಡುತ್ತಾ ಕೂರುತ್ತಾರೆ, ಹೂವು ನೋಡುವುದಿಲ್ಲ.

ಹಾಲೆಂಡ್ ಬಗ್ಗೆ. ಯಜಮಾನರ ಸ್ನೇಹಿತರು ಒಂದು ವಿಷಯದಲ್ಲಿ ಸರಿ. ಲಿಸ್ಸೆ ಎಂಬ ಊರಿನ ಕೋಯ್ಕನ್‌ಹೋಫ್ ಉದ್ಯಾನ ಮಾರ್ಚ್ ಮಧ್ಯದಿಂದ ಮೇ ಮಧ್ಯದವರೆಗೆ ಸುಮಾರು ಎಂಟು ವಾರ ತೆರೆದಿರುತ್ತದೆ, ಏಪ್ರಿಲ್ ಮಧ್ಯ, ಕೊನೆ ಅಲ್ಲಿಗೆ ಒಳ್ಳೇ ಸಮಯ. ನಮ್ಮ ಶಾಲಾ ರಜೆಗೆ ಸರಿಹೊಂದುವುದು ಅದೇ. 1950ರಿಂದ ನಡೆಯುತ್ತಿರುವ ತೋಟ, ಪ್ರತಿ ವರ್ಷ ಸುಮಾರು 70 ಲಕ್ಷ ಗೆಡ್ಡೆ. ಆಮ್‌ಸ್ಟರ್‌ಡ್ಯಾಮ್ ಹತ್ತಿರವೇ ಇದೆ, ನೆಲ ಸಮತಟ್ಟು, ಮಂಡಿಗೂ ಒಳ್ಳೆಯದು. ಆದರೆ ‘ಇನ್ನೊಂದಿಷ್ಟು ದುಡ್ಡು’ ಅನ್ನುವ ಮಾತು ನಂಬಬೇಡಿ. ಐದು ಜನರ ಖರ್ಚು ಕಾಶ್ಮೀರದ ಹಲವು ಪಟ್ಟು ಆಗುತ್ತದೆ. ಅಲ್ಲಿಗೆ ಹೋಗಲು ಬೇಕಾದ ಷೆಂಗೆನ್ ವೀಸಾಕ್ಕೆ ದೊಡ್ಡವರಿಗೆ 90 ಯೂರೋ ಶುಲ್ಕ, ತಿರಸ್ಕಾರವಾದರೆ ಅದು ವಾಪಸ್ ಬರುವುದಿಲ್ಲ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಬೇಸಿಗೆಗೆ ಮುಂಚೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು ಅನ್ನುವುದನ್ನು ಬಳಸಿಕೊಳ್ಳಬೇಕು. ವ್ಯವಸಾಯದ ಆದಾಯಕ್ಕೆ ದಾಖಲೆ ಒದಗಿಸುವುದು ಇನ್ನೊಂದು ಕೆಲಸ. ಪಹಣಿ, ಕಾರ್ಖಾನೆಯ ಕಬ್ಬಿನ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಒಂದಕ್ಕೊಂದು ಹೊಂದಬೇಕು. ಮುಂದಿನ ವರ್ಷಕ್ಕೆ ಅಂತ ಈಗಲೇ ತಯಾರಿ ಶುರು ಮಾಡುವುದಾದರೆ ಸರಿ. ಈ ಸಲಕ್ಕೆ ಆಗುವ ಮಾತಲ್ಲ.

ದೆಹಲಿಯಲ್ಲೂ ಟ್ಯೂಲಿಪ್ ಇದೆ ಅಂತ ಯಾರಾದರೂ ಹೇಳಬಹುದು. ಇದೆ. ಶಾಂತಿಪಥದಲ್ಲಿ, ರಾಷ್ಟ್ರಪತಿ ಭವನದ ಅಮೃತ ಉದ್ಯಾನದಲ್ಲಿ. ಆದರೆ ಫೆಬ್ರವರಿಯಲ್ಲಿ. ನಿಮ್ಮ ಮಗ ಆಗ ಪುಸ್ತಕದ ಮುಂದೆ ಇರುತ್ತಾನೆ.

ಹಾಗಾದರೆ ನಾನಾದರೆ ಹೇಗೆ ಯೋಜನೆ ಮಾಡುತ್ತಿದ್ದೆ ಅಂತ ಹೇಳುತ್ತೇನೆ. ಆರು ದಿನ, ಶ್ರೀನಗರವೊಂದೇ ತಂಗುದಾಣ. ಮೈಸೂರಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ ಹಿಡಿದರೆ ನಗರದ ಟ್ರಾಫಿಕ್‌ನಲ್ಲಿ ಬಸ್ ಬದಲಿಸುವ ತೊಂದರೆ ಇಲ್ಲ. ಅಲ್ಲಿಂದ ಬಹುತೇಕ ದೆಹಲಿ ಮೇಲೆ ಹೋಗಬೇಕು. ದೆಹಲಿಯಲ್ಲಿ ವಿಮಾನ ಬದಲಿಸುವಾಗ ಕನಿಷ್ಠ ಎರಡೂವರೆ ಗಂಟೆ ಸಮಯ ಇರುವಂತೆ ನೋಡಿ. ಅತ್ತೆಯವರಿಗೆ ಗಾಲಿಕುರ್ಚಿ ಬೇಕು ಅಂತ ಟಿಕೆಟ್ ಮಾಡುವಾಗಲೇ ಬರೆಸಿ, ಅದಕ್ಕೆ ನಾಚಿಕೆ ಬೇಡ. 2025ರ ಜೂನ್‌ನಿಂದ ಕಟ್ರಾ ಮತ್ತು ಶ್ರೀನಗರದ ನಡುವೆ ವಂದೇ ಭಾರತ್ ರೈಲು ಓಡುತ್ತಿದೆ. ನದಿಯಿಂದ 359 ಮೀಟರ್ ಎತ್ತರದ ಚೆನಾಬ್ ಸೇತುವೆ ದಾಟುವುದು ನಿಮ್ಮ ಮಗನಿಗೆ ಬಹಳ ಇಷ್ಟವಾಗುತ್ತದೆ ನಿಜ. ಆದರೆ ಇಲ್ಲಿಂದ ಕಟ್ರಾವರೆಗೆ ರೈಲಿನಲ್ಲಿ ಎರಡು ದಿನದ ಮೇಲೆ ಹಿಡಿಯುತ್ತದೆ. ಅತ್ತೆ ಜೊತೆಗಿರುವಾಗ ಬೇಡ.

ಮೊದಲ ದಿನ ತಲುಪಿ ವಿಶ್ರಾಂತಿ. ಎರಡನೇ ದಿನವೇ ಟ್ಯೂಲಿಪ್ ತೋಟ. ಕೊನೆಗೆ ಇಟ್ಟುಕೊಳ್ಳಬೇಡಿ. ಮೊದಲೇ ಇಟ್ಟರೆ, ಮಳೆ ಬಂದರೂ ಇನ್ನೊಂದು ದಿನ ಕೈಯಲ್ಲಿರುತ್ತದೆ. ಶನಿವಾರ, ಭಾನುವಾರ ತಪ್ಪಿಸಿ, ಸ್ಥಳೀಯರೂ ಮನೆಮಂದಿಯೆಲ್ಲ ಬರುತ್ತಾರೆ, ಕ್ಯೂ ಉದ್ದ. ಬೆಳಿಗ್ಗೆ ಬೇಗ ಹೋಗಿ, ಆದರೆ ಬೇಗ ಹೊರಬರಬೇಡಿ. ಟ್ಯೂಲಿಪ್ ಚಳಿಗೆ ಮುಚ್ಚಿಕೊಂಡು ಬಿಸಿಗೆ ತೆರೆದುಕೊಳ್ಳುವ ಹೂವು. ಬೆಳಗಿನ ಥಂಡಿಯಲ್ಲಿ ಎಸಳುಗಳು ಒತ್ತಾಗಿ ಕೂಡಿಕೊಂಡು ಲೋಟದ ಆಕಾರದಲ್ಲಿ ನಿಂತಿರುತ್ತವೆ. ಬಿಸಿಲು ಏರುತ್ತಿದ್ದಂತೆ ಎಸಳಿನ ಒಳಮೈ ಹೊರಮೈಗಿಂತ ಬೇಗ ಹಿಗ್ಗುತ್ತದೆ, ಹೂವು ಬಾಯಿ ಬಿಡುತ್ತದೆ. ಹತ್ತು, ಹನ್ನೊಂದು ಗಂಟೆಗೆ ಬಗ್ಗಿ ಒಳಗೆ ನೋಡಲು ಮಗಳಿಗೆ ಹೇಳಿ. ಹೊರಗೆ ಬರೀ ಕೆಂಪಾಗಿ ಕಂಡ ಹೂವಿನ ತಳದಲ್ಲಿ ಕಪ್ಪೋ ಹಳದಿಯೋ ಮಚ್ಚೆ ಇರುತ್ತದೆ, ನಡುವೆ ಆರು ಕೇಸರಗಳು ನಿಂತಿರುತ್ತವೆ. ದೂರದಿಂದ ಫೋಟೋ ತೆಗೆದು ಹೊರಟವರಿಗೆ ಇದು ಕಾಣುವುದೇ ಇಲ್ಲ. ಅತ್ತೆಯವರು ಹೂವನ್ನು ಮೂಸಿ ನೋಡುತ್ತಾರೆ, ನಮ್ಮ ಕಡೆಯ ಎಲ್ಲಾ ಹೆಂಗಸರೂ ಮಾಡುವುದು ಅದನ್ನೇ. ಮಲ್ಲಿಗೆ ಊರಿನವರಲ್ವಾ. ಹೆಚ್ಚಿನ ಟ್ಯೂಲಿಪ್‌ಗಳಿಗೆ ಪರಿಮಳ ಇಲ್ಲ. ಅದೇ ತೋಟದಲ್ಲಿ ಹಯಸಿಂತ್ ಪಾತಿಗಳಿವೆ, ಅಲ್ಲಿಗೆ ಕರೆದುಕೊಂಡು ಹೋಗಿ. ಗಿಡ್ಡ ದಂಟಿನ ತುಂಬಾ ಒತ್ತಾಗಿ ಬಿಟ್ಟ ನೀಲಿ, ಗುಲಾಬಿ ಹೂವು. ಪರಿಮಳ ಹತ್ತಿರ ಹೋಗುವ ಮೊದಲೇ ಬರುತ್ತದೆ.

ಮೂರನೇ ದಿನ ಊರು. ಶ್ರೀನಗರಕ್ಕೆ ಹೋಗಿ ಶ್ರೀನಗರವನ್ನೇ ನೋಡದೆ ಬರುವವರು ಎಷ್ಟೋ ಜನ. ದಿನಕ್ಕೊಂದು ಗಿರಿಧಾಮ ಅಂತ ಕಾರಿನಲ್ಲೇ ಆರೇಳು ಗಂಟೆ ಕಳೆಯುತ್ತಾರೆ. ನಿಮ್ಮ ಪ್ಯಾಕೇಜ್ ಕೂಡ ಹಾಗೇ ಇದೆ. ಝೇಲಂ ನದಿಯ ದಡದ ಹಳೇ ಊರಿಗೆ ಅರ್ಧ ದಿನವಾದರೂ ಕೊಡಿ. ಜಾಮಾ ಮಸೀದಿಯಲ್ಲಿ 370ಕ್ಕೂ ಹೆಚ್ಚು ದೇವದಾರು ಕಂಬಗಳಿವೆ, ಒಂದೊಂದೂ ಒಂದೇ ಮರದ ಕಾಂಡ. ನದಿ ಪಕ್ಕದ ಖಾನ್‌ಖಾ-ಎ-ಮೌಲಾ ಎಂಬ ಹಳೇ ದರ್ಗಾದ ಗೋಡೆ, ಸೂರಿನ ಮೇಲೆಲ್ಲ ಕಾಗದದ ತಿರುಳಿನಿಂದ ಮಾಡಿದ ಹೂಬಳ್ಳಿ ಚಿತ್ತಾರ. ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿ ಬೆಳೆದ ಮಕ್ಕಳು ಅದರ ಮುಂದೆ ನಿಂತು ನೋಡುವುದನ್ನು ಕಂಡಿದ್ದೇನೆ. ಒಳಗೆ ಯಾರು ಎಲ್ಲಿಯವರೆಗೆ ಹೋಗಬಹುದು ಅಂತ ಬಾಗಿಲಲ್ಲೇ ಕೇಳಿ, ತಲೆಗೆ ದುಪಟ್ಟಾ ಇರಲಿ, ಶುಕ್ರವಾರ ಮಧ್ಯಾಹ್ನ ಬೇಡ. ಬೀದಿಯ ಕಾಂದೂರ್, ಅಂದರೆ ರೊಟ್ಟಿ ಸುಡುವವರ ಅಂಗಡಿಯಲ್ಲಿ ತಂದೂರಿನಿಂದ ಆಗ ತಾನೇ ತೆಗೆದ ಗಿರ್ದಾ ರೊಟ್ಟಿ ಸಿಗುತ್ತದೆ. ಬಿಸಿಯಲ್ಲೇ ತಿನ್ನಿ. ಊಟಕ್ಕೆ ಹೆದರಬೇಡಿ. ಮುದ್ದೆ ಸಿಗುವುದಿಲ್ಲ, ಆದರೆ ಕಾಶ್ಮೀರದವರು ನಮ್ಮ ಹಾಗೆ ಅನ್ನ ಉಣ್ಣುವವರು. ಹಾಕ್ ಎಂಬ ಸೊಪ್ಪು, ನದ್ರು ಎಂಬ ತಾವರೆ ದಂಟಿನ ಪಲ್ಯ, ರಾಜ್ಮಾ ಸಸ್ಯಾಹಾರಿಗಳಿಗೆ ಸಾಕು.

ಶಾಲಿಮಾರ್ ಮತ್ತು ನಿಶಾತ್ ಉದ್ಯಾನಗಳಿಗೆ ಒಂದು ಸಂಜೆ ಇಡಿ. ಶಾಲಿಮಾರ್ ಜಹಾಂಗೀರ 1619ರಲ್ಲಿ ಮಾಡಿಸಿದ್ದು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ನಮ್ಮ ಕನ್ನಂಬಾಡಿಯ ಬೃಂದಾವನವನ್ನು ಮಾಡಿಸುವಾಗ ಮಾದರಿ ಇಟ್ಟುಕೊಂಡದ್ದು ಶಾಲಿಮಾರನ್ನೇ. 1927ರಲ್ಲಿ ಶುರುವಾಗಿ 1932ಕ್ಕೆ ಮುಗಿಯಿತು. ಮಧ್ಯೆ ಹರಿಯುವ ನೀರಿನ ಕಾಲುವೆ, ಎರಡೂ ಕಡೆ ಹಂತ ಹಂತದ ಹುಲ್ಲುಹಾಸು, ಸಾಲು ಕಾರಂಜಿ ನೋಡಿದ ತಕ್ಷಣ ಅತ್ತೆಯವರಿಗೆ ಗುರುತು ಹತ್ತುತ್ತದೆ. ಅಲ್ಲಿ ಅವರು ನಡೆಯಬೇಕಾದದ್ದೂ ಕಡಿಮೆ, ನೆರಳಿದೆ, ಕೂರಲು ಜಾಗವಿದೆ.

ಇನ್ನೊಂದು ದಿನ ಗುಲ್ಮಾರ್ಗ್, ಹೋದ ದಿನವೇ ವಾಪಸ್. ಗೊಂಡೋಲ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಿ. ಒಂದು ದಿನ ಏನೂ ಇಲ್ಲದೆ ಖಾಲಿ ಬಿಡಿ, ಮಳೆಗೆ ಅಂತ. ಅದು ಬಳಕೆಯಾಗದಿದ್ದರೆ ಟ್ಯೂಲಿಪ್ ತೋಟಕ್ಕೇ ಇನ್ನೊಮ್ಮೆ ಹೋಗಿ. ಅಷ್ಟರಲ್ಲಿ ಪಾತಿಗಳ ಬಣ್ಣವೇ ಬದಲಾಗಿರುತ್ತದೆ.

ಚಿಕ್ಕಪುಟ್ಟ ವಿಷಯ ಕೆಲವು. ಹೊರ ರಾಜ್ಯದ ಪ್ರಿಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ. ಮನೆಯಲ್ಲಿ ಕನಿಷ್ಠ ಎರಡು ನಂಬರಾದರೂ ಪೋಸ್ಟ್‌ಪೇಯ್ಡ್ ಇರಲಿ, ಇಲ್ಲದಿದ್ದರೆ ಫೋನ್‌ಪೇ, ಗೂಗಲ್‌ಪೇ ಯಾವುದೂ ನಡೆಯುವುದಿಲ್ಲ. ಸ್ವಲ್ಪ ನಗದೂ ಇರಲಿ. ವಾಪಸ್ ಬರುವಾಗ ಶ್ರೀನಗರ ನಿಲ್ದಾಣಕ್ಕೆ ಮೂರು ಗಂಟೆ ಮೊದಲೇ ಹೋಗಿ. ಟರ್ಮಿನಲ್‌ಗೆ ತುಂಬಾ ಮುಂಚೆಯೇ ಗೇಟಿನಲ್ಲಿ ಎಲ್ಲರನ್ನೂ ಇಳಿಸಿ, ಲಗೇಜನ್ನೆಲ್ಲ ತಪಾಸಣೆ ಮಾಡುತ್ತಾರೆ. ಚಪ್ಪಲಿ ಬೇಡ, ಶೂ ಹಾಕಿ. ಮಳೆ ಬಂದರೆ ತೋಟದ ದಾರಿ ಜಾರುತ್ತದೆ. ಅತ್ತೆಯವರ ಬಿಪಿ ಮಾತ್ರೆ ಕೈಚೀಲದಲ್ಲೇ ಇರಲಿ, ಬೇಕಾದ್ದಕ್ಕಿಂತ ಒಂದು ವಾರದಷ್ಟು ಜಾಸ್ತಿ.

ಮಗಳ ಗೆಡ್ಡೆಯ ಆಸೆ. ಟ್ಯೂಲಿಪ್ ಬೀಜ ಅಂತ ಪೊಟ್ಟಣ ಮಾರುವವರು ಸಿಗುತ್ತಾರೆ, ತೆಗೆದುಕೊಳ್ಳಬೇಡಿ. ಅಸಲಿ ಬೀಜವೇ ಆದರೂ ಹೂ ಬಿಡಲು ಐದಾರು ವರ್ಷ ಬೇಕು. ಗೆಡ್ಡೆಗೆ ಹೂ ಬಿಡಲು 12ರಿಂದ 16 ವಾರ ಚಳಿ ಬೇಕು, 10 ಡಿಗ್ರಿಗಿಂತ ಕೆಳಗೆ. ಮಂಡ್ಯದ ಚಳಿಗಾಲದಲ್ಲಿ ಅದು ಸಿಗುವುದಿಲ್ಲ. ಎಲೆ ಬರಬಹುದು, ಹೂವು ಬರದು. ಅವಳಿಗೆ ನಿಜವಾಗಿ ಪ್ರಯೋಗ ಮಾಡುವ ಉತ್ಸಾಹ ಇದ್ದರೆ, ಸೆಪ್ಟೆಂಬರ್ ಹೊತ್ತಿಗೆ ನರ್ಸರಿಯಿಂದ ಗೆಡ್ಡೆ ತರಿಸಿ, ಕಾಗದದ ಚೀಲದಲ್ಲಿ ಹಾಕಿ ಫ್ರಿಜ್‌ನ ತರಕಾರಿ ಡಬ್ಬಿಯಲ್ಲಿ ಇಡಲಿ. ಸೇಬು, ಬಾಳೆಹಣ್ಣು ಅದರ ಜೊತೆ ಇಡಬಾರದು, ಹಣ್ಣು ಬಿಡುವ ಅನಿಲಕ್ಕೆ ಒಳಗಿನ ಮೊಗ್ಗು ಸಾಯುತ್ತದೆ. ಡಿಸೆಂಬರ್ ಕೊನೆಗೆ ಕುಂಡದಲ್ಲಿ ನೆಟ್ಟು ನೆರಳಿನಲ್ಲಿ ಇಟ್ಟರೆ ಗಿಡ್ಡ ದಂಟಿನ ಒಂದು ಹೂವು ಬರುವ ಸಾಧ್ಯತೆ ಇದೆ. ಮರುವರ್ಷ ಅದೇ ಗೆಡ್ಡೆ ಹೂ ಬಿಡುವುದಿಲ್ಲ ಅನ್ನುವುದನ್ನೂ ಮೊದಲೇ ತಿಳಿಸಿ.

ಏಜೆಂಟ್ ಹತ್ತಿರ ಮಾತಾಡುವಾಗ ಜಗಳ ಬೇಡ. ಮೂರು ವಿಷಯ ವಾಟ್ಸಾಪ್‌ನಲ್ಲಿ ಬರೆದು ಕಳಿಸಲು ಹೇಳಿ. ತಾರೀಖು ಏಪ್ರಿಲ್ ಮೊದಲ ವಾರಕ್ಕೆ ಬದಲಾಯಿಸಿದರೆ ಒಟ್ಟು ಎಷ್ಟು. ಸರ್ಕಾರವೇ ಜಾಗ ಮುಚ್ಚಿದರೆ ಅಥವಾ ವಿಮಾನ ರದ್ದಾದರೆ ಎಷ್ಟು ವಾಪಸ್. ಗುಲ್ಮಾರ್ಗ್‌ನಲ್ಲಿ ಹೊರಗಿನ ಗಾಡಿ ಬಿಡದೆ ಅಲ್ಲಿನ ಯೂನಿಯನ್ ಟ್ಯಾಕ್ಸಿ, ಕುದುರೆ ಹಿಡಿಯಬೇಕಾದರೆ ಆ ದುಡ್ಡು ಯಾರದ್ದು. ಬರೆದು ಕೊಡಲು ಒಪ್ಪದಿದ್ದರೆ ಅವರಿಗೆ ಮುಂಗಡ ಕೊಡಬೇಡಿ. ವಿಮಾನದ ಟಿಕೆಟ್, ಹೋಟೆಲ್ ನೀವೇ ಮಾಡಿಕೊಂಡು ಅಲ್ಲಿ ದಿನದ ಲೆಕ್ಕದಲ್ಲಿ ಕಾರು ಹಿಡಿದರೂ ಐದು ಜನಕ್ಕೆ ಸಲೀಸಾಗಿ ಆಗುತ್ತದೆ. ಹೋಟೆಲಿನವರೇ ಡ್ರೈವರ್ ಗೊತ್ತು ಮಾಡಿಕೊಡುತ್ತಾರೆ.